ಹಳದಿ ಕ್ಯಾಸೆಟ್, ಕೆಂಪು ಕ್ಯಾಸೆಟ್

ಈ ಸಲ ಗೌರಿ ಹುಣ್ಣಿಮೆಗೆ ಎರಡು ದಿನ ಮುಂಚೆ ಬಾದಾಮಿಗೆ ಹೋಗಿದ್ದೆ. ನನ್ನ ತವರುಮನೆ ಅಲ್ಲೇ. ಬಸ್‌ಸ್ಟ್ಯಾಂಡು ದಾಟಿ ಪೇಟೆಯ ಓಣಿಗೆ ತಿರುಗಿದ್ದೇ ತಡ, ಸಕ್ಕರೆ ಪಾಕದ ವಾಸನೆ ಮೂಗಿಗೆ ಬಡಿಯಿತು. ಒಲೆಯ ಮೇಲೆ ದೊಡ್ಡ ಬೋಗುಣಿ, ಪಕ್ಕದಲ್ಲಿ ಕಟ್ಟಿಗೆಯ ಅಚ್ಚುಗಳು. ಅಚ್ಚು ಬಿಚ್ಚಿದರೆ ಬಿಳಿ ಆನೆ, ಗುಲಾಬಿ ಒಂಟೆ, ಹಳದಿ ಗಿಳಿ. ನಮ್ಮ ಕಡೆ ಗೌರಿ ಹುಣ್ಣಿಮೆ ಅಂದರೆ ಇದೇ. ಹೆಣ್ಣುಮಕ್ಕಳು ಈ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು, ನಡುವೆ ದೀಪ ಹಚ್ಚಿಕೊಂಡು, ಹಾಡುತ್ತ ಗುಡಿಗೆ ಹೋಗಿ ಗೌರಿಗೆ ಆರತಿ ಬೆಳಗುತ್ತಾರೆ. ಆ ವಾಸನೆಗೆ ಊರಿಗೆಲ್ಲ ಬಾಯಲ್ಲಿ ನೀರೂರುತ್ತದೆ. ನಾನು ಮಾತ್ರ ಬೇಗ ಬೇಗ ಹೆಜ್ಜೆ ಹಾಕುತ್ತೇನೆ. "ತಗೋರಿ ಅಕ್ಕಾರ, ಗಿಳಿ ಚಲೋ ಬಿದ್ದಾವ" ಅಂದಳು ಅಂಗಡಿಯಾಕೆ. ಒಂದು ಗಿಳಿ ತೆಗೆದುಕೊಂಡು ಚೀಲದಲ್ಲಿಟ್ಟೆ.

ನಾನು ನರ್ಸು. ಈಗ ಬಾಗಲಕೋಟೆಯಲ್ಲಿದ್ದೇನೆ. ಅದಕ್ಕೂ ಮೊದಲು ಬೇವೂರಿನ ದವಾಖಾನೆಯಲ್ಲಿದ್ದೆ. ಅಲ್ಲಿ ಕಳೆದ ಒಂದು ಚಳಿಗಾಲವನ್ನು ಮರೆಯಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಆಗಿಲ್ಲ. ಆ ಚಳಿಗಾಲದಲ್ಲಿ ನಾನೊಂದು ತಪ್ಪು ಮಾಡಿದೆ. ಔಷಧಿಯ ತಪ್ಪಲ್ಲ, ಸೂಜಿಯ ತಪ್ಪಲ್ಲ. ಹಾಡಿನ ತಪ್ಪು. ಅದನ್ನು ಹೇಳಬೇಕೆಂದರೆ ಮೊದಲು ಆ ಕ್ಯಾಸೆಟ್ಟಿನ ವಿಷಯ ಹೇಳಬೇಕು.

ನಾನು ಸಾಲಿ ಕಲಿಯುವಾಗ ನಮ್ಮ ಸೀಮೆಯಲ್ಲಿ ಗಿರಿಜಾ–ಶಾಂತಾ ಜೋಡಿ ಅಂದರೆ ದೊಡ್ಡ ಹೆಸರು. ಬೇವೂರಿನ ಇಬ್ಬರು ಗೆಳತಿಯರು. ಜನ ಅಕ್ಕತಂಗಿಯರೆಂದೇ ತಿಳಿದಿದ್ದರು. ಗೌರಿ ಹುಣ್ಣಿಮೆಯ ಹಾಡುಗಳನ್ನೆಲ್ಲ ಸೇರಿಸಿ ಅವರು 'ಸಕ್ಕರಿ ಆರತಿ' ಎಂಬ ಕ್ಯಾಸೆಟ್ ಮಾಡಿದರು. ಡೊಳ್ಳು, ತಾಳ, ಹಾರ್ಮೋನಿಯಂ ಪೇಟಿ, ಇಬ್ಬರ ದನಿ, ಅಷ್ಟೇ. ಹೊದಿಕೆ ಹಳದಿ ಬಣ್ಣದ್ದು. ಮರುವರ್ಷ ಕಂಪನಿಯವರು ಅದೇ ಹಾಡುಗಳನ್ನು ಕೀಬೋರ್ಡು ಹಾಕಿ, ಮಷೀನಿನ ತಾಳ ಹಾಕಿ, ವೇಗ ಹೆಚ್ಚಿಸಿ ಮತ್ತೆ ಬಿಟ್ಟರು. ಅದರ ಹೊದಿಕೆ ಕೆಂಪು. ಹಳದಿಯಲ್ಲಿ ಎರಡು ದನಿ. ಕೆಂಪಿನಲ್ಲಿ ಒಂದೇ ದನಿ, ಸಣ್ಣ ದನಿ. ಹೊದಿಕೆಯ ಮೇಲೆ ಗಿರಿಜವ್ವ ಒಬ್ಬಳದೇ ಫೋಟೊ. ಆಮೇಲೆ ಜೋಡಿ ಒಡೆಯಿತು. ಇಬ್ಬರೂ ಹಾಡುವುದನ್ನೇ ಬಿಟ್ಟರು.

ಇಷ್ಟು ವರ್ಷಗಳ ಮೇಲೆ ನಮ್ಮಂಥ ಹುಚ್ಚರು ಒಂದಿಪ್ಪತ್ತು ಮಂದಿ ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೆವು. 'ಸಕ್ಕರಿ ಆರತಿ ಬಳಗ' ಎಂದು ಹೆಸರು. ಕೆಲಸ ಒಂದೇ, ಹಳದಿ ದೊಡ್ಡದೋ ಕೆಂಪು ದೊಡ್ಡದೋ ಎಂದು ಜಗಳಾಡುವುದು. ಬಾದಾಮಿಯಲ್ಲಿ ಹಿಂದೆ ಕ್ಯಾಸೆಟ್ ಅಂಗಡಿ ಇಟ್ಟಿದ್ದ ರಾಜೇಸಾಬರು ಕೆಂಪಿನ ಕಡೆ. ಇಳಕಲ್ಲಿನ ನೇಕಾರ ಮಹಾಂತೇಶ ಹಳದಿಯ ಕಡೆ. ನಾನು ಹಳದಿಯವರಲ್ಲೇ ಕಟ್ಟಾ ಹಳದಿ. "ಕೆಂಪು ಅಂದ್ರ ಬರೇ ಗದ್ದಲರಿ, ಅದನ್ನ ಕೇಳಿದ್ರ ಬೀಪಿ ಏರತೈತಿ, ನರ್ಸಾಗಿ ಹೇಳ್ತೇನಿ" ಎಂದು ಬರೆದವಳು ನಾನೇ. ಆದರೆ ಹಳದಿ ಯಾರ ಬಳಿಯೂ ಉಳಿದಿರಲಿಲ್ಲ. ಕೆಂಪಿನ ಹಾಡುಗಳು ಮಾತ್ರ ಎಲ್ಲರ ಫೋನಿನಲ್ಲಿದ್ದವು. ಕೇಳಲು ಸಿಗುವುದನ್ನು ಬೈಯುವುದು, ಸಿಗದಿರುವುದನ್ನು ಹೊಗಳುವುದು, ಹೀಗೆ ನಡೆದಿತ್ತು ನಮ್ಮ ಅಭಿಮಾನ.

ಒಮ್ಮೆ ಒಂದು ಸಾಲಿನ ಮೇಲೆ ಎರಡು ದಿನ ಜಗಳವಾಯಿತು. ಹಳದಿಯಲ್ಲಿ 'ಚಂದ್ರನ ಬೆಳಕಿಗಿ ಬಾರವ್ವ ಗೌರಿ' ಎಂದಿದ್ದದ್ದು ನನಗೂ ಚೆನ್ನಾಗಿ ನೆನಪಿತ್ತು. ಕೆಂಪಿನಲ್ಲಿ ಅದೇ ಜಾಗದಲ್ಲಿ 'ದೀಪದ ಬೆಳಕಿಗಿ ಬಾರವ್ವ ಗೌರಿ' ಎಂದಿದೆ. ಕಂಪನಿಯವರು ಮಾತು ಬದಲಿಸಿ ಹಾಡು ಕೆಡಿಸಿದರು ಎಂದು ನಾನು ಬರೆದೆ. ಮಹಾಂತೇಶ ಮಾತ್ರ, "ಇಲ್ರಿ ಅಕ್ಕಾರ, ಹಳದಿಯೊಳಗೂ ತಳದಾಗ 'ದೀಪದ' ಅಂತ ಸಣ್ಣಗ ಕೇಳಸ್ತಿತ್ತು. ಮಗ್ಗದಾಗ ಕುಂತು ನೂರು ಸಲ ಕೇಳೇನಿ" ಎಂದ. ಮಗ್ಗದ ಸಪ್ಪಳಕ್ಕೆ ನಿನ್ನ ಕಿವಿ ಹೋಗ್ಯಾವ ಎಂದು ಎಲ್ಲರೂ ಅವನನ್ನು ಆಡಿಕೊಂಡರು. ನಾನೂ ನಕ್ಕೆ.

ಬೇವೂರಿಗೆ ನನ್ನ ವರ್ಗವಾಗಿದ್ದು ಆ ವರ್ಷದ ದಸರೆಯ ಹೊತ್ತಿಗೆ. ಗೌರಿ ಹುಣ್ಣಿಮೆಯ ಹಿಂದಿನ ದಿನ ಒಬ್ಬ ಮುದುಕಿ ಬೀಪಿ ತೋರಿಸಲು ಬಂದಳು. ಎತ್ತರದ ಆಳು, ದಪ್ಪ ದನಿ, ಹಣೆ ಖಾಲಿ. ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡೆ, ಶಾಂತವ್ವ. ಗಂಡನ ಹೆಸರು ಕೇಳಿದೆ. ಆಕೆ ಸೆರಗು ಸರಿಪಡಿಸಿಕೊಂಡಳು.

"ಹೇಳಬೇ, ಬರೀಬೇಕು."

"ನಾ ಹೆಂಗ ಹೇಳ್ಲಿ ತಂಗಿ. ಬಾಯಾಗ ತರಬಾರದು."

"ತೀರಿಕೊಂಡಾರಲ್ಲ?"

"ತೀರಿಕೊಂಡ್ರ ಗಂಡ ಅಲ್ಲಂತನ?" ಎಂದು ನನ್ನನ್ನೇ ಗದರಿಸಿ ಬೆರಳನ್ನು ಮೇಲೆ ಮಾಡಿ ಸೂರು ತೋರಿಸಿದಳು. "ನಾಳೆ ಹುಣ್ಣಿವಿಗೆ ಮ್ಯಾಲ ಬರತಾನಲ್ಲ, ಅಂವ."

ನಾನು ನಗುತ್ತ ಚಂದ್ರಪ್ಪ ಎಂದು ಬರೆದೆ. ನಮ್ಮ ಕಡೆಯ ಹಳೆಯ ಹೆಂಗಸರದು ಇದು ದಿನದ ನಾಟಕ. ಬಸಪ್ಪನ ಹೆಂಡತಿ ಹೊರಗೆ ಮೇಯುವ ಎತ್ತನ್ನು ತೋರಿಸುತ್ತಾಳೆ, ಮಲ್ಲಪ್ಪನ ಹೆಂಡತಿ ಮಲ್ಲಿಗೆ ಹೂವಿಗೂ ಬೇರೆ ಹೆಸರಿಡುತ್ತಾಳೆ. ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸು, "ಹೊಸಬ್ರು ನೀವು, ನಿಮಗ ಗೊತ್ತಿಲ್ಲ. ಈಕಿನ ನಮ್ಮ ಕ್ಯಾಸೆಟ್ಟಿನ ಶಾಂತವ್ವ" ಎಂದಳು. ನನ್ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

ಗುಂಪಿನಲ್ಲಿ ಆ ಸಂಜೆ ಹಬ್ಬವೇ ಆಯಿತು. ಶಾಂತವ್ವ ಮಾತ್ರ ಹಾಡಿನ ಸುದ್ದಿ ಎತ್ತಿದರೆ ಮುಖ ತಿರುಗಿಸುತ್ತಿದ್ದಳು. ಎಂಟು ದಿನಕ್ಕೊಮ್ಮೆ ಬೀಪಿ ನೋಡುವ ನೆವದಲ್ಲಿ ನಾನೇ ಆಕೆಯ ಮನೆಗೆ ಹೋಗತೊಡಗಿದೆ. ಬೀರಪ್ಪನ ಒಕ್ಕಲಿನವರು. ಮಗ ಕುರಿ ಕಟ್ಟಿದ್ದ. ಪಡಸಾಲೆಯಲ್ಲಿ ಯಾವಾಗಲೂ ಕಂಬಳಿ ಮತ್ತು ಕುರಿಯ ವಾಸನೆ. ಚಹಾ ಕುಡಿಯುತ್ತ ಕುಡಿಯುತ್ತ ಆಕೆ ಒಂದೊಂದೇ ಬಿಚ್ಚಿದಳು. ಗಿರಿಜವ್ವ ಬಾಜೂ ಮನೆಯ ಹುಡುಗಿ. ಗೌರಿ ಹುಣ್ಣಿಮೆಗೆ ಎರಡು ಮನೆಗೂ ಸೇರಿ ಒಂದೇ ಸಕ್ಕರೆ ಗಿಳಿ ತರುತ್ತಿದ್ದರಂತೆ. "ಕುತ್ತಿಗಿ ಮಟ ನನಗ, ಬಾಲದ ಕಡೆ ಆಕೀಗಿ. ಬಾಲ ದೊಡ್ಡದು, ಆದ್ರ ಕೊಕ್ಕು ನನಗ ಬೇಕಾಗಿತ್ತು" ಎಂದು ನಕ್ಕಳು. ಗಿರಿಜವ್ವನನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟರು. ಆದರೂ ಹಬ್ಬಕ್ಕೆ ಬರುತ್ತಿದ್ದಳು, ಇಬ್ಬರೂ ಹಾಡುತ್ತಿದ್ದರು.

ಕೆಂಪು ಕ್ಯಾಸೆಟ್ಟಿನ ಸುದ್ದಿ ಬಂದಾಗ ಆಕೆಯ ದನಿಯೇ ಬೇರೆಯಾಯಿತು.

"ಊರಾಗ ಒಂದು ಮದುವಿ ಇತ್ತು. ಗಿಡದ ಮ್ಯಾಲ ಸ್ಪೀಕರಿನ ಕರ್ಣಾ ಕಟ್ಟಿದ್ರು. ಹಾಡು ಬಂತು, ನಮ್ಮ ಹಾಡ. ಕೇಳ್ತೇನಿ, ಒಂದ ದನಿ. ಸಣ್ಣ ದನಿ. ಸಣ್ಣ ದನಿ ಯಾರದು? ಆಕೀದು. ಮಂದಿ ಎಲ್ಲಾ ನನ್ನ ಮಾರಿ ನೋಡಿದ್ರು. ನನ್ನ ದನಿ ಅಳಿಸಿ ಒಗದಿದ್ಲು ತಂಗಿ. ಪೋಟೋನೂ ಆಕೀದ ಒಂದ."

"ಆಕೀನ ಮಾಡಿಸ್ಯಾಳ ಅಂತ ಹೆಂಗ ಗೊತ್ತು?"

"ಮತ್ತ ಯಾರು ಮಾಡಿಸ್ತಾರ? ಆಮ್ಯಾಲ ಒಂದ ಸಲ ಬಂದಿದ್ಲು, ಬಾಗಿಲಿಗಿ. ನಾ ಬಾಗಿಲಾ ಹಾಕ್ಕೊಂಡೆ. ಆ ಕೆಂಪಂದು ಈ ಮನಿಯಾಗ ಹಚ್ಚಿಲ್ಲ, ಮಂದಿ ಹಚ್ಚಿದ್ರ ಎದ್ದು ಹೋಗೇನಿ. ಇಪ್ಪತ್ತೆಂಟು ವರ್ಷಾತು."

ಅಷ್ಟು ಹೊತ್ತು ಸಿಟ್ಟಿನಿಂದ ಮಾತಾಡಿದವಳು ಚಹಾದ ಬಟ್ಟಲು ಎತ್ತಿಡುವಾಗ ಮೆಲ್ಲಗೆ, "ಆಕಿ ಆರಾಮ ಅದಾಳಂತೇನು?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಅಂದೆ.

ಗೊತ್ತಾಗಲು ಬಹಳ ದಿನ ಹಿಡಿಯಲಿಲ್ಲ. ಎಳ್ಳ ಅಮವಾಸ್ಯೆ ಮುಗಿದ ಮೇಲೆ ಮಹಾಂತೇಶ ಗುಂಪಿನಲ್ಲಿ ಬರೆದ. ಗಿರಿಜಕ್ಕ ನಮ್ಮ ಓಣಿಯವಳೇ, ತಾನಿಲ್ಲಿರುವುದನ್ನು ಯಾರಿಗೂ ಹೇಳಬೇಡ ಎಂದಿದ್ದಳು, ಈಗ ಹಾಸಿಗೆ ಹಿಡಿದಿದ್ದಾಳೆ, ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಮರುದಿನ ಭಾನುವಾರ. ನಾನು ಇಳಕಲ್ಲಿಗೆ ಹೋದೆ.

ಮಗ್ಗದ ಮನೆ. ಒಳಗೆ ಸೊಸೆ ಸೀರೆ ನೇಯುತ್ತಿದ್ದಳು, ಲಾಳಿಯ ಸಪ್ಪಳ ನಿಲ್ಲಿಸಿ ನನ್ನನ್ನು ಒಳಕೋಣೆಗೆ ಕರೆದೊಯ್ದಳು. ಗಿರಿಜವ್ವ ಗೋಡೆಗೆ ಒರಗಿ ಕೂತಿದ್ದಳು. ಒಂದು ಹಿಡಿ ಆಗಿದ್ದಳು. ಫೋಟೊದ ಮುಖ ಹುಡುಕಿದೆ, ಕಣ್ಣು ಮಾತ್ರ ಉಳಿದಿದ್ದವು. ಕಾಲು ನೋಡಿದೆ, ಉಸಿರು ನೋಡಿದೆ. ಹೆಚ್ಚು ದಿನವಿಲ್ಲ ಎಂದು ನನಗೆ ತಿಳಿಯಿತು. ಬೇವೂರಿನಿಂದ ಬಂದೆ, ಶಾಂತವ್ವನಿಗೆ ನಾನೇ ಬೀಪಿ ನೋಡುವವಳು ಎಂದಾಗ ಆಕೆ ನನ್ನ ಕೈ ಹಿಡಿದುಕೊಂಡಳು.

"ಇನ್ನೂ ಸಿಟ್ಟದಾಳೇನ್ರಿ?"

"ಅದಾಳ್ರಿ."

"ಒಮ್ಮೆ ಬಂದು ಹೋಗಂತ ಹೇಳ್ರಿ. ಬರಲಿಲ್ಲಂದ್ರ, ಒಂದ ಸಲ ಆ ಹಾಡ ಕೇಳಂತ ಹೇಳ್ರಿ. ಕಿವಿಗೊಟ್ಟು ಕೇಳಲಿ. ಅಷ್ಟ ಸಾಕು."

"ನೀವ ಏನರ ಹೇಳ್ರಿ, ನಾ ಮುಟ್ಟಸ್ತೇನಿ."

"ನಾ ಬಾಯಿಲೆ ಹೇಳಿದ್ರ ಸುಳ್ಳು ಅಂತಾಳ. ಆಕೀ ಸ್ವಭಾವ ನನಗ ಗೊತ್ತೈತಿ. ತನ್ನ ಕಿವೀಲೆ ಕೇಳಿದ್ರ ನಂಬತಾಳ."

ಯಾವ ಹಾಡು, ಯಾವ ಕ್ಯಾಸೆಟ್ಟು ಎಂದು ನಾನು ಕೇಳಲಿಲ್ಲ. ಮೂರು ವರ್ಷ ಹಗಲೆಲ್ಲ ಅದೊಂದೇ ವಿಷಯದ ಮೇಲೆ ಜಗಳಾಡಿದವಳಿಗೆ ಕೇಳಬೇಕಾದಲ್ಲಿ ಕೇಳಬೇಕೆಂದು ತೋಚಲಿಲ್ಲ. ನನ್ನ ತಲೆಯಲ್ಲಿ ಹಾಡು ಎಂದರೆ ಹಳದಿ. ಇಬ್ಬರೂ ಕೂಡಿ ಹಾಡಿದ್ದನ್ನು ಕೇಳಿದರೆ ಶಾಂತವ್ವನ ಮನಸ್ಸು ಕರಗುತ್ತದೆ, ಅದನ್ನೇ ಈಕೆ ಹೇಳುತ್ತಿದ್ದಾಳೆ ಎಂದುಕೊಂಡೆ. ಬಸ್ಸು ಹುನಗುಂದ ಮುಟ್ಟುವುದರೊಳಗೆ ಗುಂಪಿಗೆ ಬರೆದೆ: ಹೇಗಾದರೂ ಮಾಡಿ ಹಳದಿ ಹುಡುಕಬೇಕು, ಗಿರಿಜಕ್ಕ ಇರುವುದರೊಳಗೆ.

ಶಾಂತವ್ವನಿಗೂ ಹೇಳಿದೆ. ಆಕೆ ಬಹಳ ಹೊತ್ತು ಕಂಬಳಿಯ ದಾರ ಕೀಳುತ್ತ ಕೂತಳು. "ಬಾ ಅಂದ ಕೂಡ್ಲೇ ಹೋಗಾಕ ನನಗೂ ಒಂದು ಮಾನ ಐತಿ" ಎಂದಳು. ಹೋಗುವುದಿಲ್ಲ ಎನ್ನಲಿಲ್ಲ ಎಂದು ನಾನು ಸಮಾಧಾನ ಪಟ್ಟುಕೊಂಡೆ.

ಗುಂಪಿನವರು ಖರೆ ಹೇಳಬೇಕೆಂದರೆ ಊರೂರು ಹುಡುಕಿದರು. ಅಟ್ಟ ಇಳಿಸಿದರು, ಹಳೆಯ ಟ್ರಂಕು ಒಡೆದರು. ಕೆಂಪು ಒಂಬತ್ತು ಸಿಕ್ಕವು, ಹಳದಿ ಇಲ್ಲ. ಐದನೆಯ ದಿನ ರಾಜೇಸಾಬರ ಫೋನು ಬಂತು. ದನಿಯಲ್ಲಿ ನಾಚಿಕೆ ಇತ್ತು.

"ಸಿಸ್ಟರ್, ನನ್ನ ಹಳೇ ಮಾಲಿನ್ಯಾಗ ಹಳದಿ ಒಂದು ಇತ್ರಿ, ಈಗ ನೆನಪಾತು. ಹೋದ ತಿಂಗಳ ಉಳಿದ ಮಾಲೆಲ್ಲಾ ಮಹಾಕೂಟದ ಕಡೆ ಒಬ್ಬ ರೈತಗ ಕೊಟ್ಟಬಿಟ್ಟೇನಿ. ಹಕ್ಕಿ ಕಾಯಾಕ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಳ ತೆನೆ ಹೊತ್ತು ಹಾಲು ತುಂಬುವಾಗ ಹಕ್ಕಿಗಳ ಕಾಟ. ಕ್ಯಾಸೆಟ್ಟಿನ ರೀಲು ಬಿಚ್ಚಿ ಹೊಲದ ಈ ತುದಿಯಿಂದ ಆ ತುದಿಗೆ ಗೂಟದಿಂದ ಗೂಟಕ್ಕೆ ಕಟ್ಟುತ್ತಾರೆ. ಬಿಸಿಲಿಗೆ ಹೊಳೆಯುತ್ತದೆ, ಗಾಳಿಗೆ ಬುರ್ರೆನ್ನುತ್ತದೆ, ಹಕ್ಕಿ ಅಂಜುತ್ತವೆ. ಎಷ್ಟೋ ಹಾಡುಗಾರರ ಜೀವಮಾನ ನಮ್ಮ ಜೋಳದ ಹೊಲಗಳಲ್ಲಿ ಹೀಗೇ ಕಳೆದುಹೋಗಿದೆ. ಅರ್ಧ ದಿನ ರಜೆ ಹಾಕಿ ಬಾದಾಮಿಗೆ ಹೋಗಿ, ರಾಜೇಸಾಬರ ಗಾಡಿಯ ಹಿಂದೆ ಕೂತು ಮಹಾಕೂಟದ ಹಾದಿ ಹಿಡಿದೆ.

ಹೊಲದಲ್ಲಿ ನಿಂತಾಗ ಗಾಳಿ ಜೋರಾಗಿತ್ತು. ಎದೆಯೆತ್ತರದ ಜೋಳ, ಮೇಲೆ ಹತ್ತಾರು ಕಪ್ಪು ಎಳೆಗಳು ಒಂದೇ ಸಮನೆ ಗುಂಯ್ ಎನ್ನುತ್ತಿದ್ದವು. ಯಾವ ಎಳೆ ಯಾರ ಹಾಡು ಎಂದು ದೇವರಿಗೇ ಗೊತ್ತು. ನಾನು ತಲೆಯ ಮೇಲೆ ಕೈ ಹೊತ್ತು ಬದುವಿನ ಮೇಲೆ ಕೂತೆ. ರಾಜೇಸಾಬರು ಗೂಟದಿಂದ ಗೂಟಕ್ಕೆ ನಡೆದರು. ಪುಣ್ಯಕ್ಕೆ ಆ ರೈತ ರೀಲನ್ನು ಡಬ್ಬಿಯಿಂದ ಪೂರ್ತಿ ಕಿತ್ತಿರಲಿಲ್ಲ, ಎಳೆದು ಎಳೆದು ಕಡೆಗೆ ಡಬ್ಬಿಯನ್ನೇ ಗೂಟಕ್ಕೆ ಬಿಗಿದಿದ್ದ. ಆಚೆ ಮೂಲೆಯ ಗೂಟದಲ್ಲಿ ಬಣ್ಣ ಹೋದ ಒಂದು ಹಳದಿ ಚೀಟಿ ಕಂಡಿತು. ಬಿಚ್ಚಿಕೊಳ್ಳಲಾ ಎಂದು ಅಂಜುತ್ತ ಕೇಳಿದರೆ ರೈತ, "ಒಯ್ರಿ ಬಾಯಾರ. ಹಕ್ಕಿ ಈಗ ಹಾಡಿಗಿ ಅಂಜೂದಿಲ್ಲ, ರೂಢಿ ಆಗ್ಯಾವ" ಎಂದ.

ಅದನ್ನು ಸುತ್ತಿಕೊಳ್ಳಲು ಸಂಜೆಯಾಯಿತು. ರಾಜೇಸಾಬರು ಮನೆಗೆ ಒಯ್ದು ಒರೆಸಿ, ಹರಿದಲ್ಲಿ ಕತ್ತರಿಸಿ ಅಂಟಿಸಿ, ಪೆನ್ಸಿಲ್ಲಿನಿಂದ ಸುತ್ತಿ, ಬೇರೆ ಡಬ್ಬಿಗೆ ಹಾಕಿದರು. ಕೆಂಪಿನ ಪಕ್ಷದವರು ಹಳದಿಗಾಗಿ ಐದು ದಿನ ಕಣ್ಣು ಕೆಂಪು ಮಾಡಿಕೊಂಡರು. "ಒಂದ ಹಾಡು ನೆಟ್ಟಗ ಉಳದೈತ್ರಿ, ಬಾಕಿದ್ದಕ್ಕೆಲ್ಲ ಬಿಸಿಲು ಬಡದೈತಿ" ಎಂದು ತಮ್ಮ ಹಳೆಯ ಟೇಪ್ ರೆಕಾರ್ಡರನ್ನೂ ಕೊಟ್ಟು ಕಳಿಸಿದರು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬೇವೂರಿನ ಬಸ್ಸಿನಲ್ಲಿ ಕೂತಾಗ ಗಿರಿಜವ್ವನನ್ನು ಕಂಡು ಹನ್ನೊಂದು ದಿನಗಳಾಗಿದ್ದವು.

ಸಂಜೆ ಶಾಂತವ್ವನ ಪಡಸಾಲೆಯಲ್ಲಿ ಹಚ್ಚಿದೆ. ಮೊದಲು ಸರಬರ ಸಪ್ಪಳ. ಆಮೇಲೆ ಡೊಳ್ಳು. ಆಮೇಲೆ ಇಬ್ಬರೂ ಬಂದರು. ದನಿ ಒಮ್ಮೆ ಇಳಿಯುತ್ತಿತ್ತು, ಒಮ್ಮೆ ಏರುತ್ತಿತ್ತು, ಆದರೆ ಅವರೇ. ಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡಳು. 'ಚಂದ್ರನ ಬೆಳಕಿಗಿ' ಎಂಬ ಸಾಲು ಬಂದಾಗ ಕಣ್ಣೀರಿನಲ್ಲೇ ನಕ್ಕಳು.

"ಇಲ್ಲಿ ನೋಡು, ಇಲ್ಲಿ ನಾ ಕಳ್ಳತನಾ ಮಾಡೇನಿ. ಅದು ನಮ್ಮನಿಯವರ ಹೆಸರಲ್ಲ? ನಾ ಹೆಂಗ ಅನ್ನಲಿ. ಪೇಟಿ ಮಾಸ್ತರ ಬೈದಾ. ಆಗ ಗಿರಿಜಾ ಅಂದ್ಲು, ನೀ 'ದೀಪದ' ಅನ್ನು, ನಾ ಮ್ಯಾಲ ಜೋರಾಗಿ ಅದನ್ನ ಅಂದು ಮುಚ್ಚತೇನಿ, ಯಾರಿಗೂ ತಿಳಿಯೂದಿಲ್ಲ ಅಂತ. ಇಬ್ಬರಿಗೂ ಬ್ಯಾರೆ ಬ್ಯಾರೆ ಮೈಕ ಇಟ್ಟಿದ್ರು, ಆದ್ರೂ ಮುಚ್ಚಿದ್ಲು ನೋಡು."

ಕೆಂಪಿನಲ್ಲಿರುವ ಒಂದೇ ದನಿ ಹೇಳುವುದು 'ದೀಪದ'. ಚಂದ್ರನ ಹೆಸರು ಹೇಳಲಾಗದವಳು ಒಬ್ಬಳೇ. ಅವಳ ಗಂಡನ ಹೆಸರನ್ನು ರಿಜಿಸ್ಟರಿನಲ್ಲಿ ನನ್ನ ಕೈಯಿಂದ ನಾನೇ ಬರೆದಿದ್ದೆ. ಹಾಡು ನನ್ನ ಫೋನಿನಲ್ಲೇ ಇತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಎಂಬ ಮಾತು ನನಗೇ ಹುಟ್ಟಿದ್ದು. ಗಿರಿಜವ್ವ ಕೇಳು ಎಂದದ್ದು ಕೆಂಪನ್ನು.

"ಯವ್ವಾ, ಇನ್ನೊಂದು ಕೇಳಬೇಕು. ಕೆಂಪಂದು."

"ಅದು ಬ್ಯಾಡ."

"ಗಿರಿಜವ್ವ ಕೇಳಂದದ್ದು ಅದನ್ನ. ನಾನ ತಪ್ಪು ತಿಳಕೊಂಡಿದ್ದೆ. ಒಂದ ಸಲ."

ಫೋನು ಆಕೆಯ ಕಿವಿಯ ಹತ್ತಿರ ಹಿಡಿದೆ. ಮುಖ ಗಂಟು ಹಾಕಿಕೊಂಡೇ ಕೇಳಿದಳು. 'ದೀಪದ ಬೆಳಕಿಗಿ' ಬಂತು. ಆಕೆ ನನ್ನತ್ತ ತಿರುಗಿದಳು. ನಾನು ಫೋನಿನಲ್ಲಿ ಹಾಡಿನ ವೇಗ ಕಡಿಮೆ ಮಾಡಿ ಮತ್ತೆ ಹಚ್ಚಿದೆ. ಸಣ್ಣ ದನಿ ದಪ್ಪವಾಯಿತು. ಪಡಸಾಲೆಯಲ್ಲಿ ಶಾಂತವ್ವನದೇ ಪ್ರಾಯದ ದನಿ ಒಬ್ಬಂಟಿಯಾಗಿ ಹಾಡುತ್ತಿತ್ತು. ವೇಗ ಹೆಚ್ಚಿಸಿದಾಗ ಗಿರಿಜವ್ವನ ಸಣ್ಣ ದನಿ ಕೀಚಲಾಗಿರಬೇಕು, ಅದಕ್ಕೇ ಅದನ್ನು ತೆಗೆದುಹಾಕಿದ್ದಾರೆ ಎಂದು ಆಮೇಲೆ ರಾಜೇಸಾಬರು ಹೇಳಿದರು. ಚೆಂದ ಇದ್ದವಳ ಫೋಟೊ ಇಟ್ಟುಕೊಂಡು ಗಟ್ಟಿ ಇದ್ದವಳ ದನಿ ಇಟ್ಟುಕೊಂಡರು. ಅಳಿಸಿ ಹೋದವಳು ಗಿರಿಜವ್ವ. ಅದನ್ನು ಮಾಡಿಸಿದವಳೆಂಬ ಹೆಸರೂ ಆಕೆಗೇ ಬಂತು. ತನ್ನದಲ್ಲದ ದನಿಗೆ ಜನ ತನ್ನನ್ನು ಹೊಗಳುವುದನ್ನು ಕೇಳಲಾಗದೆ ಆಕೆ ಹಾಡುವುದನ್ನೇ ಬಿಟ್ಟಿದ್ದಳು. ನಾವು ಗುಂಪಿನಲ್ಲಿ ಅದಕ್ಕೆ ಸೊಕ್ಕು ಎಂದು ಹೆಸರಿಟ್ಟಿದ್ದೆವು.

"ಇದು ನಾನು" ಎಂದಳು ಶಾಂತವ್ವ. ಬಾಗಿಲ ಕಡೆ ನೋಡಿ, "ಆವತ್ತ ಬಾಗಿಲಿಗಿ ಬಂದಾಗ ಇದನ್ನ ಹೇಳಾಕ ಬಂದಿದ್ಲು" ಎಂದಳು. ಅವತ್ತಿನ ಕಡೆಯ ಬಸ್ಸು ಹೋಗಿತ್ತು. ಮುಂಜಾನೆ ಮೊದಲ ಬಸ್ಸಿಗೆ ಹೋಗೋಣ ಎಂದೆ.

ಬೆಳಿಗ್ಗೆ ಆಕೆ ಇಳಕಲ್ ಸೀರೆ ಉಟ್ಟು ಬಸ್ಸಿನ ಹಾದಿಗೆ ನನಗಿಂತ ಮೊದಲು ಬಂದು ನಿಂತಿದ್ದಳು. ಕೈಚೀಲದಲ್ಲಿ ಒಂದು ಡಬ್ಬಿ. ಅದರಲ್ಲಿ ಗೌರಿ ಹುಣ್ಣಿಮೆಗೆ ಮೊಮ್ಮಗಳಿಗೆ ತಂದ ಸಕ್ಕರೆ ಗಿಳಿ ಮುರಿಯದೆ ಉಳಿದಿತ್ತು. ಹುನಗುಂದದಲ್ಲಿ ಬಸ್ಸು ಬದಲಿಸಬೇಕು. ಕಟ್ಟೆಯ ಮೇಲೆ ಕೂತಾಗ ನನ್ನ ಫೋನು ಒಂದೇ ಸಮನೆ ನಡುಗತೊಡಗಿತು. ಮಹಾಂತೇಶ ಬರೆದಿದ್ದ: ನಮ್ಮ ಗಿರಿಜಕ್ಕ ಬೆಳಗಿನ ಜಾವ ಹೋದಳು. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು, ಭಾವಪೂರ್ಣ ಶ್ರದ್ಧಾಂಜಲಿಗಳು. ಯಾರೋ ಕೆಂಪಿನ ಹಾಡು ಹಾಕಿ 'ಗಿರಿಜಕ್ಕನ ಮಧುರ ದನಿ ಅಮರ' ಎಂದು ಬರೆದಿದ್ದರು. ಅಲ್ಲ ಎಂದು ಬರೆದು, ಅಳಿಸಿದೆ.

ಶಾಂತವ್ವ ಪಕ್ಕದಲ್ಲಿ ಕೂತು, "ಹೋದ ಕೂಡ್ಲೇ ಏನಂತ ಮಾತಾಡ್ಲಿ ತಂಗಿ?" ಎಂದು ಕೇಳಿದಳು. "ಚಹಾ ಮಾಡ್ತಿಯೇನಲೇ ಗಿರಿಜಾ ಅಂತೀನಿ. ಹಂಗ ಸುರು ಮಾಡಿದ್ರ ಬರೋಬ್ಬರಿ. ತಪ್ಪಾತು ಅಂತ ಆಮ್ಯಾಲ ಅಂತೀನಿ."

ಸಾವಿನ ಸುದ್ದಿ ಎಷ್ಟೋ ಮನೆಗಳಿಗೆ ಹೇಳಿದವಳು ನಾನು. ಆವತ್ತು ಫೋನನ್ನು ಚೀಲದೊಳಗೆ ಹಾಕಿ ಎದ್ದೆ. ಇಳಕಲ್ಲಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆಕೆ ಮಾತಾಡಿದಳು, ಕೊಕ್ಕಿಗಾಗಿ ಜಗಳಾಡಿದ್ದು, ಗಿರಿಜವ್ವನ ಮದುವೆಯಲ್ಲಿ ಅತ್ತದ್ದು. ಊರು ಕಾಣುವ ಹೊತ್ತಿಗೆ ನಾನು ಆಕೆಯ ಕೈ ಹಿಡಿದೆ. ಆಕೆ ನನ್ನ ಮುಖವನ್ನೇ ನೋಡಿದಳು.

"ಯಾವಾಗ?"

"ಬೆಳಗಿನ ಜಾವಕ್ಕ."

ಆಕೆ ಕೈಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

ಗಿರಿಜವ್ವನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಮಗ್ಗ ನಿಂತಿತ್ತು. ಅರ್ಧ ನೇಯ್ದ ಸೀರೆಯ ಮೇಲೆ ಬಟ್ಟೆ ಹೊದಿಸಿದ್ದರು. ಶಾಂತವ್ವ ಜನರನ್ನು ಸರಿಸಿಕೊಂಡು ಹೋಗಿ ತಲೆಯ ಹತ್ತಿರ ಕೂತಳು. ಅಳುತ್ತಾಳೆ ಎಂದು ಹೆಂಗಸರು ಜಾಗ ಬಿಟ್ಟರು. ಆಕೆ ಅಳಲಿಲ್ಲ. ಡಬ್ಬಿ ತೆರೆದು ಗಿಳಿಯನ್ನು ಕುತ್ತಿಗೆಯವರೆಗೆ ಮುರಿದಳು. ಕೊಕ್ಕಿನ ಕಡೆಯದನ್ನು ಗಿರಿಜವ್ವನ ಅಂಗೈಯಲ್ಲಿಟ್ಟು, ಬಾಲವನ್ನು ತಾನು ಇಟ್ಟುಕೊಂಡಳು. ಆಮೇಲೆ ಹಾಡಿದಳು.

ದಪ್ಪ ದನಿ ಹಾಗೂ ಹೀಗೂ ಮೇಲೇರಿತು, ಒಡೆಯಿತು, ಮತ್ತೆ ಏರಿತು. ಸಣ್ಣ ದನಿಯ ಜಾಗವನ್ನು ಹುಡುಕುತ್ತಿದ್ದಳು. ಆ ಸಾಲು ಬಂತು.

"ಚಂದ್ರನ ಬೆಳಕಿಗಿ ಬಾರವ್ವ ಗೌರಿ" ಎಂದು ಹಾಡಿದಳು ಶಾಂತವ್ವ.

ಮದುವೆಯಾದಂದಿನಿಂದ ಬಾಯಲ್ಲಿ ತರದ ಹೆಸರು. ಇಳಕಲ್ಲಿನವರಿಗೆ ಅದು ಬರೀ ಹಾಡಿನ ಮಾತು, ಯಾರಿಗೂ ಏನೂ ಅನ್ನಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಹಾಂತೇಶ ರೆಕಾರ್ಡು ಮಾಡಲು ಫೋನು ಎತ್ತಿದವನು ಹಾಗೇ ಇಳಿಸಿಬಿಟ್ಟ. ಗಿರಿಜವ್ವನ ಪಾಲಿನದನ್ನೆಲ್ಲ ಆಕೆ ಹಾಡಿ ಮುಗಿಸಿದಳು. ತನ್ನ ಪಾಲಿನದು ಹಾಡಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಯವ್ವಾ, ನಾನ ತಡಾ ಮಾಡಿದೆ. ಫೋನ್ ಕೈಯಾಗಿತ್ತು. ಹನ್ನೊಂದು ದಿನ ಸುಮ್ಮನ ಹೊಲಾ ತಿರುಗಿದೆ" ಎಂದು ಅತ್ತೆ.

ಆಕೆ ಕಿಟಕಿಯ ಹೊರಗೆ ನೋಡುತ್ತ ನನ್ನ ಬೆನ್ನು ಸವರಿದಳು. "ನೀ ಹನ್ನೊಂದು ದಿನ ತಡಾ ಮಾಡಿದಿ. ನಾ ಇಪ್ಪತ್ತೆಂಟು ವರ್ಷ" ಎಂದಳು.

ಗುಂಪಿಗೆ ನಾನು ಎಲ್ಲವನ್ನೂ ಬರೆದೆ. ಈಗಲೂ ಗುಂಪು ಇದೆ, ಹಬ್ಬಕ್ಕೆ ಶುಭಾಶಯ ಬರುತ್ತವೆ, ಹಳದಿ ಕೆಂಪಿನ ಜಗಳ ಯಾರೂ ತೆಗೆಯುವುದಿಲ್ಲ. ಗೌರಿ ಹುಣ್ಣಿಮೆಗೆ ಬಾದಾಮಿಯಿಂದ ಒಂದು ಗಿಳಿ ಒಯ್ದು ಬೇವೂರಿಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂದ ಕೆಲಸ. ಶಾಂತವ್ವ ಅದನ್ನು ಮುರಿದು ಕೊಕ್ಕಿನ ಕಡೆಯದನ್ನು ಗೋಡೆಯ ಗೂಡಿನಲ್ಲಿಡುತ್ತಾಳೆ. ಎರಡು ದಿನದಲ್ಲಿ ಇರುವೆ ಮುಗಿಸುತ್ತವೆ.

ಆ ವರ್ಷ ಯುಗಾದಿ ಕಳೆದ ಮೇಲೆ ದವಾಖಾನೆಗೆ ಹೊಸ ರಿಜಿಸ್ಟರು ಬಂತು. ಎಲ್ಲರ ಹೆಸರನ್ನೂ ಮತ್ತೆ ಬರೆಯಬೇಕು. ಶಾಂತವ್ವ ಬೀಪಿ ತೋರಿಸಲು ಬಂದಳು, ಸ್ಟೂಲಿನ ಮೇಲೆ ಕೂತಳು. ಹೊಸ ಹಾಳೆಯಲ್ಲಿ ಆಕೆಯ ಹೆಸರು ಬರೆದೆ. ಗೊತ್ತಿದ್ದೂ, ಯಾಕೋ, ಗಂಡನ ಹೆಸರು ಕೇಳಿದೆ. ಆಕೆ ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿ, ಬೆರಳನ್ನು ಮೇಲೆ ಮಾಡಿ ಸೂರು ತೋರಿಸಿದಳು.